ಮುಖ ತೊಗೊಂಡು ಬರ್ರಿ

ನಮ್ಮ ಊರಿನವರು ಫೋಟೋದಲ್ಲಿ ಮೂಡುವುದಿಲ್ಲ. ಉಟ್ಟ ಸೀರೆ ಮೂಡುತ್ತದೆ, ತೊಟ್ಟ ಅಂಗಿ ಮೂಡುತ್ತದೆ, ಕೊರಳ ಸರ, ಕಿವಿಯ ಬೆಂಡೋಲೆ, ಮೂಗಿನ ನತ್ತು ತಮ್ಮ ತಮ್ಮ ಜಾಗದಲ್ಲಿ ತೂಗುತ್ತಿರುತ್ತವೆ. ಒಳಗಿನ ಮನುಷ್ಯ ಮಾತ್ರ ಇರುವುದಿಲ್ಲ. ಹೊರಗಿನವರಿಗೆ ಇದೊಂದು ದೊಡ್ಡ ಸಂಗತಿ. ನಾವು ಮದುವೆಯ ಆಲ್ಬಂ ತೆರೆದರೆ "ಈ ಹಸಿರು ಪತ್ತಲ ಯಾರದ?" ಎಂದು ಕೇಳುತ್ತೇವೆ, "ದೊಡ್ಡವ್ವಂದು" ಎಂದರೆ ದೊಡ್ಡವ್ವ ಕಂಡಳೆಂದೇ ಲೆಕ್ಕ. ಒಂದೇ ಮನೆಯ ಇಬ್ಬರು ಮದುವೆಗೆ ಒಂದೇ ಬಣ್ಣ ಉಡುವುದಿಲ್ಲ, ಅಷ್ಟೆ. ಹೊರಗಿನಿಂದ ಬಂದು ನೆಲೆಸಿದವರೂ ಕೆಲವು ವರ್ಷಗಳಲ್ಲಿ ಹೀಗೆಯೇ ಆಗುತ್ತಾರೆ. ಮೊದಲು ಕಿವಿ ಮಸುಕಾಗುತ್ತದೆ, ಆಮೇಲೆ ಗದ್ದ, ಕಡೆಗೆ ಕಣ್ಣು. ಕಣ್ಣೂ ಹೋದ ದಿನ ಓಣಿಯವರು ಅವರ ಮನೆಗೆ ಸಕ್ಕರೆ ಒಯ್ದು, "ಇನ್ನ ನಮ್ಮವರಾದ್ರಿ" ಎನ್ನುತ್ತಾರೆ.

ನಾನು ಇಂದ್ರವ್ವ. ಗಂಡನ ಆಟೋದ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಓಣಿ ಓಣಿಯಲ್ಲಿ ಸಾರುವುದು ನನ್ನ ಕೆಲಸ. ನಳದಲ್ಲಿ ನೀರು ಬರುವ ಹೊತ್ತು, ತಪ್ಪಿಸಿಕೊಂಡ ಎಮ್ಮೆ, ಸೀರೆ ಅಂಗಡಿಯ ಶ್ರಾವಣದ ರಿಯಾಯಿತಿ, ಯಾರ ಮನೆಯಲ್ಲಿ ಸಾವಾಗಿ ಮಣ್ಣು ಎಷ್ಟು ಗಂಟೆಗೆ ಎಂಬುದು, ಎಲ್ಲವನ್ನೂ ಊರು ನನ್ನ ಬಾಯಿಂದಲೇ ಕೇಳಿದೆ. ನನ್ನ ಗಂಡ ಮೊದಲು ಹತ್ತಿ ಜಿನ್ನಿನಲ್ಲಿದ್ದ. ನಮ್ಮ ಊರಿನ ಅರ್ಧ ಮಂದಿ ಅಲ್ಲಿ ದುಡಿದವರೇ. ಹತ್ತಿ ಬಿಡಿಸುವ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತವರ ಎದೆಯಲ್ಲಿ ಧೂಳು ಕೂತಿರುತ್ತದೆ; ಮೆಟ್ಟಿಲು ಹತ್ತಿದರೆ ಸೀಟಿ ಊದಿದಂತೆ ಉಸಿರು. ಆ ಉಸಿರಿನ ಕಾರಣಕ್ಕೇ ಅವನು ಕೆಲಸ ಬಿಟ್ಟು ಆಟೋ ಹಿಡಿದದ್ದು.

ಬೇನೆಯ ಕಾಲ ಬಂದಾಗ ಪುರಸಭೆ ನನಗೆ ಹೊಸ ಮಾತುಗಳನ್ನು ಕೊಟ್ಟಿತು. ಗುಮಾಸ್ತ ವಾಮನ ಬೆಳಿಗ್ಗೆ ಒಂದು ಚೀಟಿ ತಂದು ಕೊಡುತ್ತಿದ್ದ. "ಸಾರ್ವಜನಿಕರು ಸಾಮಾಜಿಕ ಅಂತರವನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು" ಎಂದು ಎರಡು ದಿನ ಓದಿದೆ. ಜನ ಬಾಗಿಲಲ್ಲಿ ಗುಂಪಾಗಿ ನಿಂತು ಆಸಕ್ತಿಯಿಂದ ಕೇಳಿದರು. ಮೂರನೆಯ ದಿನ ಚೀಟಿ ಮಡಚಿಟ್ಟು ನನ್ನ ಮಾತಿನಲ್ಲೇ ಸಾರಿದೆ: "ಇಬ್ಬರ ನಡುವ ಒಂದು ಎಮ್ಮಿ ನಿಂದ್ರೋವಷ್ಟು ಜಾಗ ಬಿಡ್ರಿ. ಎಮ್ಮಿ ಅಡ್ಡ ನಿಂತಂಗ ತಿಳೀರಿ, ಉದ್ದಕ ಅಲ್ಲ." ಎಮ್ಮೆ ಎಷ್ಟು ಅಗಲ, ಅಡ್ಡವೋ ಉದ್ದವೋ ಎಂದು ಸಂತೆಯಲ್ಲಿ ಜಗಳವಾಯಿತು, ಆದರೆ ಜಾಗ ಬಿಟ್ಟರು. ಮುಖಗವಸು ಹಾಕಿಕೊಳ್ಳಲು ನಮ್ಮವರಿಗೆ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ. ಅದು ಫೋಟೋದಲ್ಲಿ ಮೂಡುತ್ತಿತ್ತು. ಮುಖ ಇರಬೇಕಾದ ಜಾಗದಲ್ಲಿ ಮೊದಲ ಬಾರಿಗೆ ಏನೋ ಒಂದು ಕಂಡಿತೆಂದು ತಾಯಂದಿರು ಮಕ್ಕಳಿಗೆ ಹೂವಿನ ಬಟ್ಟೆಯ ಗವಸು ಹೊಲಿಸಿ ಫೋಟೋ ತೆಗೆಸಿದರು.

ಲಸಿಕೆ ಬರುತ್ತದೆ ಎಂದು ಸಾರಿದ ದಿನ ನನ್ನ ಗಂಟಲೇ ನನಗೆ ಹೊಸದಾಗಿ ಕೇಳಿಸಿತು. ನಮ್ಮ ಆಸ್ಪತ್ರೆಯೆಂದರೆ ಎರಡು ಕೋಣೆ, ಒಂದು ಕಟ್ಟೆ, ಮಹಾನಂದಾ ಸಿಸ್ಟರ್. ಅವರು ಮನೆ ಮನೆಗೆ ಹೋಗಿ ಜಿನ್ನಿನವರಿಗೆ ಹೇಳಿದ್ದರು: "ನಿಮ್ಮ ಎದಿಯಾಗ ಮೊದಲೇ ಧೂಳ ತುಂಬೇತಿ. ಬೇನಿ ಬಂದ್ರ ತಡಕೊಳ್ಳಾಂಗಿಲ್ಲ. ನೀವು ಮೊದಲ ಬರ್ರಿ." ಹಾಗೆ ಮೊದಲು ಬಂದವನು ಹುಸೇನಸಾಬ, ಜಿನ್ನಿನ ಗೇಟು ಕಾಯುತ್ತಿದ್ದ ಮುದುಕ. ಸೂರ್ಯ ಮೂಡುವ ಮೊದಲೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಅಂಗಿಯ ತೋಳು ಭುಜದ ತನಕ ಮಡಚಿ ಸಿದ್ಧನಾಗಿದ್ದ. "ಇಷ್ಟ ಲಗೂನ ಯಾಕ ಮಡಚೀದಿ ಚಾಚಾ?" ಎಂದು ಕೇಳಿದೆ. "ಸೂಜಿಗೆ ದಾರಿ ತೋರಸಾಕತ್ತೀನವ್ವಾ" ಎಂದು ನಕ್ಕ; ನಗು ಕೆಮ್ಮಾಯಿತು.

ಜಿಲ್ಲೆಯಿಂದ ತಣ್ಣನೆಯ ಪೆಟ್ಟಿಗೆಗಳ ಜೊತೆ ಬಂದವರು ಮುತಗೇಕರ ಸಾಹೇಬರು. ಇದುವರೆಗೆ ರೇಷನ್ನಿಗಾಗಲಿ ಪಿಂಚಣಿಗಾಗಲಿ ನಮ್ಮ ಊರಲ್ಲಿ ಹೆಬ್ಬೆಟ್ಟು ನಡೆಯುತ್ತಿತ್ತು. ಈಗ ಒಬ್ಬರು ಮುಟ್ಟಿದ ಯಂತ್ರ ಇನ್ನೊಬ್ಬರು ಮುಟ್ಟಬಾರದೆಂದು ಹೆಬ್ಬೆಟ್ಟು ನಿಲ್ಲಿಸಿ, ಮುಖದ ಫೋಟೋ ತೆಗೆಯುವ ಯಂತ್ರ ಕೊಟ್ಟಿದ್ದರು. ಸಾಹೇಬರು ಗವಸು ತೆಗೆಸಿ ಅದನ್ನು ಹುಸೇನಸಾಬನ ಎದುರು ಹಿಡಿದರು. ಪರದೆಯ ಮೇಲೆ ಒಂದು ಬಿಳಿ ಅಂಗಿ, ಅದರ ಮೇಲೆ ಗಾಳಿಯಲ್ಲಿ ಒಂದು ಹಸಿರು ಟೋಪಿ. ಯಂತ್ರ ಹೆಣ್ಣು ದನಿಯಲ್ಲಿ, "ಮುಖ ಕಾಣುತ್ತಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ" ಎಂದಿತು. ಹುಸೇನಸಾಬ ಟೋಪಿ ತೆಗೆದ. ಬೆಳಕಿಗೆ ತಿರುಗಿದ. ಕಣ್ಣು ಅಗಲಿಸಿದ. ಯಂತ್ರ ಅದೇ ಮಾತನ್ನು ಹೇಳುತ್ತಲೇ ಇತ್ತು.

"ಮುಖ ಬರದೆ ಸೂಜಿ ಕೊಡಲು ನನಗೆ ಅಧಿಕಾರವಿಲ್ಲ" ಎಂದರು ಸಾಹೇಬರು. ಕೆಟ್ಟ ಮನುಷ್ಯರಲ್ಲ, ಬೆವರುತ್ತಿದ್ದರು. "ಮೇಲೆ ಬರೆದು ಕೇಳುತ್ತೇನೆ. ಉತ್ತರ ಬರಲಿ."

ಪೆಟ್ಟಿಗೆಗಳು ಬಂದ ಗಾಡಿಯಲ್ಲೇ ಹೋದವು. ಹುಸೇನಸಾಬ ಗಾಡಿ ತಿರುಗಿ ಮರೆಯಾಗುವ ತನಕ ತೋಳು ಇಳಿಸಲಿಲ್ಲ.

ಉತ್ತರ ಬರುವ ಮೊದಲು ಬೇನೆ ಬಂತು. ಜಿನ್ನಿನ ಓಣಿಯಲ್ಲಿ ಶುರುವಾಯಿತು. ಹುಸೇನಸಾಬನನ್ನು ಜಿಲ್ಲಾಸ್ಪತ್ರೆಗೆ ಒಯ್ದದ್ದು ನಮ್ಮದೇ ಆಟೋ. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ, ಉಸಿರಿಗೇ ಎಲ್ಲ ಶಕ್ತಿ ಬೇಕಾಗಿತ್ತು. ಮರುದಿನ ಅವನ ಸುದ್ದಿಯನ್ನು ನಾನೇ ಸಾರಿದೆ. ಎಷ್ಟೋ ಸಾವು ಸಾರಿದ ಬಾಯಿ. ಆವತ್ತು ಅವನ ಓಣಿಯ ತಿರುವಿನಲ್ಲಿ ಮೈಕು ಆಫ್ ಮಾಡಿ ಸುಮ್ಮನೆ ಕೂತೆ. ಗೋಡೆಗೆ ಹಾಕಲು ಅವನ ಮನೆಯವರ ಬಳಿ ಇದ್ದದ್ದು ಒಂದು ಅಂಗಿ, ಒಂದು ಹಸಿರು ಟೋಪಿಯ ಫೋಟೋ.

ಅದಾದ ವಾರದಲ್ಲಿ ವಾಮನ ಒಂದು ಚೀಲ ಹೊತ್ತು ಮನೆಗೆ ಬಂದ. ಒಳಗೆ ರಟ್ಟಿನ ಮುಖಗಳು. ಬೇರೆ ಊರಿನ ಯಾರೋ ಗಂಡಸಿನದು, ಯಾರೋ ಹೆಂಗಸಿನದು, ಬಣ್ಣದಲ್ಲಿ ಅಚ್ಚು ಹಾಕಿ, ಕಿವಿಗೆ ರಬ್ಬರು ಕಟ್ಟಿದ್ದವು.

"ಪುರಸಭೆ ಅಧ್ಯಕ್ಷರು ಮಾಡಸ್ಯಾರ" ಎಂದ ವಾಮನ. "ಯಂತ್ರ ಇದನ್ನ ಒಪ್ಪತೈತಿ, ನೋಡೇವಿ. ಸಾಹೇಬ್ರಿಗೆ ತ್ರಾಸು ಮುಗೀತು ಅಂತ ತಿಳಿಸ್ಯಾರ, ನಾಳೆ ಗಾಡಿ ಬರತೈತಿ. ಪುರಸಭೆಗೆ ಬಂದು ಮುಖ ಒಯ್ರಿ ಅಂತ ಮುಂಜಾನಿ ಸಾರಿಬಿಡು ಅಕ್ಕಾ."

"ಇಡೀ ಊರಿಗೆ ಎರಡ ಮುಖ?"

"ಎಲ್ಲಾರದೂ ಬ್ಯಾರೆ ಬ್ಯಾರೆ ಎಲ್ಲಿಂದ ತರೂದು? ಗಂಡಸರಿಗೊಂದು, ಹೆಂಗಸರಿಗೊಂದು." ವಾಮನ ನನ್ನ ಕಣ್ಣು ತಪ್ಪಿಸಿ, ಒಂದು ಮುಖವನ್ನು ಕಟ್ಟೆಯ ಮೇಲೆ ಬಿಟ್ಟು ಹೋದ.

ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಬಂದು ನೋಡಿದರೆ ನನ್ನ ಗಂಡ ಅದನ್ನು ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾನೆ. ಬೆಳ್ಳನೆಯ ಗಲ್ಲ, ತೀಡಿದ ಮೀಸೆ, ಎಂದೂ ಧೂಳು ಕುಡಿಯದ ಮುಖ. ಅದರ ಹಿಂದಿನಿಂದ ಅವನ ಸೀಟಿಯಂಥ ಉಸಿರು.

"ತಗೀರಿ ಅದನ್ನ."

"ಮುಖ ಯಾರದಾದ್ರೇನ ಇಂದ್ರಾ, ಸೂಜಿ ನನ್ನ ತೋಳಿಗೇ ಬೀಳತದಲ್ಲ."

"ನಾಳೆ ಆ ಸೂಜಿಯಿಂದ ನಿಮಗ ಜ್ವರ ಬಂದ್ರ ಯಾರಿಗೆ ಬಂತು ಅಂತ ಬರಕೋತಾರ? ಎರಡನೇ ಸೂಜಿಗೆ ಕರದ್ರ ಯಾರನ್ನ ಕರೀತಾರ? ಈ ರಟ್ಟಿನವಂಗ ಒಬ್ಬಂಗ ಸಾವಿರ ಸೂಜಿ ಆದಂಗ ಆತು, ನಿಮಗ ಒಂದೂ ಆಗಲಿಲ್ಲ. ಈ ಊರಾಗ ಯಾರೂ ಇಲ್ಲಂತ ನಾವ ಬರಕೊಟ್ಟಂಗ ಅಲ್ಲೇನು?"

"ನನಗ ಉಸಿರು ಬೇಕು. ಹೆಸರು ತೊಗೊಂಡು ಏನ್ ಮಾಡ್ಲಿ?"

ಹೆದರಿಕೆ ಅವನೊಬ್ಬನದಾಗಿರಲಿಲ್ಲ. ಆಟೋದ ಹಿಂದಿನ ಸೀಟಿನಲ್ಲಿ ಹುಸೇನಸಾಬನ ತಲೆ ನನ್ನ ತೊಡೆಯ ಮೇಲಿತ್ತು. ಅವನ ಎದೆ ಎದ್ದು ಬೀಳುವುದನ್ನು ನಾನು ನೋಡಿದ್ದೆ. ಆದರೂ ಅಂದೆ, "ಹುಸೇನಸಾಬ ಸತ್ತಿದ್ದು ಹುಸೇನಸಾಬ ಆಗೇ. ನೀವು ಬದುಕೂದು ಯಾರಾಗಿ ಅಂತ ಹೇಳ್ರಿ, ಅವರಿಗೇ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡೀತೀನಿ."

ರಟ್ಟಿನ ಹಿಂದೆ ಅವನು ನಕ್ಕ. ನಕ್ಕು ಕೆಮ್ಮಿ, ರಬ್ಬರು ಬಿಚ್ಚಿ, ಬೆವೆತ ತನ್ನ ಮುಖ ಒರೆಸಿಕೊಂಡ. "ಸಿಗಲಿಲ್ಲ ಅಂದ್ರ?" ಎಂದು ಕೇಳಿದ. ಬೆಳಿಗ್ಗೆ ನಾನು ಏಳುವ ಮೊದಲೇ ಅವನು ಆಟೋ ಒರೆಸಿ, ಹಾರ್ನಿನ ವೈರು ಜೋಡಿಸಿ ಕೂತಿದ್ದ.

ಆ ಬೆಳಿಗ್ಗೆ ನಾನು ಸಾರಿದ್ದು ಇಷ್ಟೆ: "ಸೂಜಿ ಬಂದೈತಿ. ಎಲ್ಲಾರೂ ಆಸ್ಪತ್ರಿಗೆ ಬರ್ರಿ. ಪುರಸಭೆಯ ಮುಖ ಯಾರೂ ಮುಟ್ಟಬ್ಯಾಡ್ರಿ. ನಿಮ್ಮ ನಿಮ್ಮ ಮುಖ ತೊಗೊಂಡು ಬರ್ರಿ. ಬಾಯಿ ಮೂಗು ಮುಚ್ಚಿಕೊಂಡು, ನಡುವ ಎಮ್ಮಿ ಬಿಟ್ಟು ಕುಂದರ್ರಿ." ಮೂರನೆಯ ಓಣಿಯಲ್ಲೇ ವಾಮನ ಸೈಕಲ್ಲಿನ ಮೇಲೆ ಅಟ್ಟಿಸಿಕೊಂಡು ಬಂದು, "ಅಕ್ಕಾ, ಚೀಟಿ ಓದು, ಚೀಟಿ ಓದು" ಎಂದು ಬೇಡಿಕೊಂಡ. ಗಂಡ ಆಟೋ ಇನ್ನಷ್ಟು ಜೋರಾಗಿ ಓಡಿಸಿದ.

ಜನ ಬಂದರು. ಆಸ್ಪತ್ರೆಯ ಕಟ್ಟೆಯಿಂದ ಹಿಡಿದು ರಸ್ತೆಯಾಚೆಯ ಜಿನ್ನಿನ ಬಯಲಿನ ತನಕ, ನಡುವೆ ಜಾಗ ಬಿಟ್ಟು ಕೂತರು. ಮೊದಲ ಮೆಟ್ಟಿಲು ಮಾತ್ರ ಖಾಲಿ ಇತ್ತು. ಬಂದವರೆಲ್ಲ ಅದನ್ನು ಬಳಸಿಕೊಂಡು ಹೋಗಿ ಕೂರುತ್ತಿದ್ದರು. ಯಾರೂ ಯಾರಿಗೂ ಹೇಳಿರಲಿಲ್ಲ.

ಮುತಗೇಕರ ಸಾಹೇಬರು ಗಾಡಿ ಇಳಿದು ಸುತ್ತ ನೋಡಿದರು. "ಮುಖ ಹಾಕಿಕೊಂಡು ಬರುತ್ತಾರೆ ಎಂದಿದ್ದರಲ್ಲ ಅಧ್ಯಕ್ಷರು?"

"ಹಾಕ್ಕೊಂಡೇ ಬಂದೇವ್ರಿ" ಎಂದಳು ಎರಡನೆಯ ಮೆಟ್ಟಿಲಲ್ಲಿ ಕೂತಿದ್ದ ಶಿವಗಂಗವ್ವ. ಹತ್ತಿ ಆರಿಸುತ್ತಿದ್ದ ಕೆಲಸದಾಕೆ, ಮಾತಿಗೆ ಯಾರಿಗೂ ಅಂಜಿದವಳಲ್ಲ. "ಹುಟ್ಟಿದಾಗಿಂದ ಇದನ್ನ ಹಾಕ್ಕೊಂಡೇನಿ. ಸ್ವಲ್ಪ ಮುದ್ದೆ ಆಗೇತಿ, ಅದಕ್ಕ ನೀವು ಬ್ಯಾಸರ ಮಾಡಕೋಬ್ಯಾಡ್ರಿ."

ಸಾಹೇಬರು ನಗಲಿಲ್ಲ. ಪೆಟ್ಟಿಗೆ ಇಳಿಸಬೇಡವೆಂದು ಚಾಲಕನಿಗೆ ಕೈ ಮಾಡಿದರು. ಚಾಲಕ ಗಾಡಿ ಹಿಂದೆ ತೆಗೆಯಲು ನೋಡಿದ. ಹಿಂದೆ ಜನ, ಮುಂದೆ ಜನ, ಎಡಬಲಕ್ಕೂ ಜನ, ಒಬ್ಬೊಬ್ಬರ ನಡುವೆ ಒಂದು ಎಮ್ಮೆಯ ಜಾಗ. ಗಾಡಿಗೆ ಮಾತ್ರ ಜಾಗವಿಲ್ಲ. ಯಾರೂ ಕೂಗಲಿಲ್ಲ, ಕಲ್ಲೆತ್ತಲಿಲ್ಲ, ಎದ್ದು ನಿಲ್ಲಲೂ ಇಲ್ಲ. ಸಾಹೇಬರು ಪೊಲೀಸರಿಗೆ ಫೋನ್ ಮಾಡಿದರು. ಬಂದ ಪೇದೆ ನಮ್ಮೂರವನೇ. ಸುತ್ತ ನೋಡಿ, "ನಾ ಎಲ್ಲಿ ಕುಂದ್ರಲಿ?" ಎಂದು ನನ್ನನ್ನೇ ಕೇಳಿದ.

"ಸಾರಿದವಳು ನೀನೇ ಅಲ್ಲವೇನಮ್ಮ?" ಸಾಹೇಬರು ಆಟೋದ ಬಳಿ ಬಂದರು. "ಸುಳ್ಳು ಸುದ್ದಿ ಹಬ್ಬಿಸಿದ್ದಕ್ಕೆ ಏನಾಗುತ್ತದೆ ಗೊತ್ತೇ?"

"ಸೂಜಿ ಬಂದೈತಿ ಅಂದೆ. ಬಂದಿಲ್ಲೇನ್ರಿ?"

ಅವರು ದನಿ ತಗ್ಗಿಸಿದರು. "ನೋಡು, ನನ್ನ ಕಷ್ಟವನ್ನೂ ತಿಳಿದುಕೊ. ಯಾರು ಯಾರೆಂದು ನನಗೆ ಹೇಗೆ ಗೊತ್ತಾಗಬೇಕು? ಒಬ್ಬನೇ ಎರಡು ಸಲ ಬಂದು ಇನ್ನೊಬ್ಬನಿಗೆ ಇಲ್ಲದಂತಾದರೆ? ಕೇಳಿದವರಿಗೆ ನಾನು ಏನು ತೋರಿಸಲಿ?"

ಕೇಳಬೇಕಾದ ಮಾತೇ ಅದು. ಪೆಟ್ಟಿಗೆಯಲ್ಲಿದ್ದದ್ದು ಊರಿಗೆಲ್ಲ ಸಾಲುವಷ್ಟಿರಲಿಲ್ಲ. ನಾನು ಮೈಕಿನ ವೈರು ಉದ್ದಕ್ಕೆ ಬಿಡಿಸಿ ಮೆಟ್ಟಿಲ ತನಕ ಒಯ್ದೆ. "ತೋರಸಾಕ ಆಗೂದಿಲ್ರಿ ಸಾಹೇಬ್ರ, ಕೇಳಸ್ತೀವಿ. ಒಬ್ಬೊಬ್ಬರ ಸಲುವಾಗಿ ಅವರ ಬಾಜೂ ಮನಿಯವರು ಮೈಕಿನಾಗ ಹೇಳ್ಲಿ. ಊರು ಕೇಳತೈತಿ. ಸುಳ್ಳ ಆದ್ರ ಯಾರರ ತಡೀತಾರ." ಹಿಂದಿನವರಿಗೂ ಕೇಳುವಂತೆ ಒಂದು ಮಾತು ಸೇರಿಸಿದೆ: "ಜಿನ್ನಿನವರು ಮೊದಲು. ಗಟ್ಟಿ ಇದ್ದವರು ಮುಂದಿನ ಗಾಡಿಗೆ."

ಶಿವಗಂಗವ್ವ ಎದ್ದಳು. ಅವಳ ನೆರೆಯವಳು ಮೈಕು ಹಿಡಿದು, "ಇಕಿ ಶಿವಗಂಗವ್ವ, ಹುಣಸಿಮರದ ಓಣಿಯಾಕಿ, ಗಂಡನ ಹೆಸರು ಫಕೀರಪ್ಪ, ವಯಸ್ಸು ಅರವತ್ತೈದು" ಎಂದಳು. ಬಯಲಿನ ಆ ತುದಿಯಿಂದ ಯಾರೋ ಕೂಗಿದರು: "ಎಪ್ಪತ್ತೆರಡು ಆಗೇತಿ ಆಕಿಗೆ. ನಾ ಆಕಿ ತಮ್ಮ ಹೇಳ್ತೀನಿ." ಗವಸುಗಳ ಹಿಂದೆ ಇಡೀ ಬಯಲು ನಕ್ಕಿತು. ಶಿವಗಂಗವ್ವ ತಮ್ಮನ ಕಡೆಗೆ ಕೋಲು ಎತ್ತಿ ತೋರಿಸಿ, "ಎಪ್ಪತ್ತೆರಡ ಬರಕೋರಿ" ಎಂದಳು.

ಸಾಹೇಬರ ಬೆರಳು ಯಂತ್ರದ ಮೇಲೆ ಅನುಮಾನಿಸುತ್ತಿತ್ತು. ಆಗ ಒಳಗಿನಿಂದ ಮಹಾನಂದಾ ಸಿಸ್ಟರ್ ಬಂದರು. ಚಾಲಕನಿಂದ ಯಾವಾಗ ಪೆಟ್ಟಿಗೆ ಇಳಿಸಿಕೊಂಡಿದ್ದರೋ, ಕೈಯಲ್ಲಿ ಲಸಿಕೆಯ ಒಂದು ಚಿಕ್ಕ ಬುಡ್ಡಿ ಇತ್ತು.

"ಸಾಹೇಬ್ರ, ಇದನ್ನ ಒಡದೇನಿ. ಹತ್ತು ಮಂದಿದು. ನಾಕು ತಾಸಿನಾಗ ಹಾಕಿ ಮುಗಸಬೇಕು, ಇಲ್ಲಂದ್ರ ಚೆಲ್ಲಬೇಕು. ಚೆಲ್ಲು ಅಂತ ನೀವು ಹೇಳ್ರಿ, ಈ ಮೈಕಿನಾಗ ಹೇಳ್ರಿ, ಚೆಲ್ತೀನಿ."

"ಸಿಸ್ಟರ್, ನೀವು ಸರ್ಕಾರಿ ನೌಕರರು."

"ಹೌದ್ರಿ. ಆರು ವರ್ಷದಿಂದ ಇಲ್ಲೇ ಅದೇನಿ." ಅವರು ಸಾಹೇಬರ ಕೈಯ ಯಂತ್ರವನ್ನು ಮೆಲ್ಲಗೆ ತಮ್ಮ ಕಡೆಗೆ ತಿರುಗಿಸಿದರು. ಪರದೆಯ ಮೇಲೆ ಒಂದು ಬಿಳಿ ಕೋಟು, ಒಂದು ನೀಲಿ ಗವಸು, ಕಿವಿಯ ಎರಡು ಹರಳು. ಸಿಸ್ಟರ್ ಗವಸು ಕೆಳಗಿಳಿಸಿದರು. "ಮುಖ ಕಾಣುತ್ತಿಲ್ಲ" ಎಂದಿತು ಯಂತ್ರ. "ನನ್ನ ಪಗಾರ ಪ್ರತಿ ತಿಂಗಳು ಯಾರಿಗೆ ಕೊಡತೀರಿ ಸಾಹೇಬ್ರ?"

ಸಾಹೇಬರು ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ಯಾರಿಗೂ ಕಾಣುವುದಿಲ್ಲ ಎಂದುಕೊಂಡು ಯಂತ್ರವನ್ನು ತಮ್ಮ ಮುಖದ ಕಡೆಗೆ ಒಮ್ಮೆ ತಿರುಗಿಸಿದರು. ಅವರ ಮುಖ ಇತ್ತು. ಅವರು ಬಂದ ದಿನವೇ ಸಂಜೆ ಜಿಲ್ಲೆಗೆ ಹಿಂತಿರುಗುತ್ತಿದ್ದವರು. ಮುಖ ಕಂಡ ಮೇಲೆ ಅವರಿಗೆ ಸಮಾಧಾನವಾಗಬೇಕಿತ್ತು, ನಾಚಿಕೆಯಾದಂತೆ ಕಂಡಿತು.

"ಏನು ಕಾಣುತ್ತದೋ ಅದರ ಫೋಟೋ ತೆಗೆಯಿರಿ" ಎಂದರು. "ಯಂತ್ರ ಮುಖ ಕೇಳಿದಲ್ಲಿ ಅಧಿಕಾರಿಯೆಂದು ನನ್ನ ಗುರುತು ಹಾಕಿ ಮುಂದೆ ಕಳಿಸುತ್ತೇನೆ. ಹೆಸರು ಮಾತ್ರ ಸರಿಯಾಗಿರಲಿ."

ಸೂಜಿ ಬಿದ್ದ ಮೇಲೆ ತೆಗೆದ ಶಿವಗಂಗವ್ವನ ತೋಳಿನ ಫೋಟೋದಲ್ಲಿ ಬಂದದ್ದು ಮಡಚಿದ ಕುಪ್ಪಸದ ತೋಳು ಮತ್ತು ಗಾಳಿಯಲ್ಲಿ ನಿಂತ ಒಂದು ಚೂರು ಹತ್ತಿ.

ಹಾಗೆ ಸಾಲು ಸರಿಯತೊಡಗಿತು. ಮೈಕು ಕೈಯಿಂದ ಕೈಗೆ ಹೋಗುತ್ತಿತ್ತು, ಪ್ರತಿ ಸಲ ಪೇದೆ ಅದನ್ನು ಬಟ್ಟೆಯಿಂದ ಒರೆಸುತ್ತಿದ್ದ. ಜನ ನೆರೆಯವರ ಬಗ್ಗೆ ಹೆಸರು ಓಣಿ ಮಾತ್ರ ಹೇಳಿ ಬಿಡಲಿಲ್ಲ. ಇವನು ನನ್ನ ಮಗಳ ಮದುವೆಯಲ್ಲಿ ನೀರು ಹೊತ್ತವನು, ಇವಳ ಕೈಯ ಉಪ್ಪಿನಕಾಯಿ ಕೆಡುವುದಿಲ್ಲ, ಇವನೂ ನಾನೂ ಮಾತು ಬಿಟ್ಟು ವರ್ಷಗಳಾದವು, ಆದರೆ ಇವನು ಇವನೇ. ಸಾಹೇಬರು ತಡವಾಗುತ್ತದೆಂದು ಮೊದಲು ಗದರಿದರು, ಆಮೇಲೆ ಬಿಟ್ಟರು.

ನನ್ನ ಗಂಡನ ಸರದಿ ಬಂತು. ಅವನ ಬಾಜೂ ಮನೆಯವರೆಲ್ಲ ಬಯಲಿನ ಆ ಕಡೆ ಕೂತಿದ್ದರು, ಮೈಕಿನ ವೈರು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅವನು ನನ್ನ ಕಡೆ ನೋಡಿದ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಒಗಟಿನಲ್ಲಿ ಸುತ್ತಿ ಹೇಳಿದ್ದು ಬಿಟ್ಟರೆ ಆ ಹೆಸರು ನನ್ನ ಬಾಯಿಗೆ ಬಂದದ್ದಿಲ್ಲ. ಊರಿನ ಎಲ್ಲರ ಹೆಸರನ್ನೂ ಕೂಗಿದ ನಾನು ಮೈಕು ಹಿಡಿದು ನಿಂತೆ. ಅವನ ಎದೆಯ ಸೀಟಿ ಮೈಕಿನಲ್ಲಿ ಕೇಳುತ್ತಿತ್ತು.

"ಇವರು ಗುರಸಿದ್ದ" ಎಂದೆ. ಮತ್ತೊಮ್ಮೆ, ಎರಡೂ ಹಾರ್ನು ತುಂಬುವಂತೆ ಹೇಳಿದೆ. "ಇವರು ಗುರಸಿದ್ದ. ಜಿನ್ನಿನಾಗ ದುಡದವರು. ನನ್ನ ಗಂಡ."

ಯಾರೂ ನಗಲಿಲ್ಲ. ಅವನು ತೋಳು ಚಾಚಿದ. ಸೂಜಿ ಇಳಿಯುವಾಗ ಅವನು ನನ್ನನ್ನೇ ನೋಡುತ್ತಿದ್ದ, ಸೂಜಿಯನ್ನಲ್ಲ. ಆಟೋ ಹತ್ತುವಾಗ ಕೇಳಿದ, "ಎರಡ ಸಲ ಯಾಕ ಹೇಳಿದಿ? ಒಂದ ಸಲಕ್ಕ ಕೇಳಸಿತ್ತಲ್ಲ." ಆವತ್ತು ಸಂಜೆಯ ತನಕ ಅವನ ಮುಖದಲ್ಲಿ ಆ ನಗು ಇತ್ತು. ಫೋಟೋದಲ್ಲಿ ಬರುವಂಥದ್ದಲ್ಲ.

ಎರಡನೆಯ ಸೂಜಿಗೆ ಕಾಯುತ್ತಿದ್ದ ಆ ನಡುವೆ ಬೇನೆ ಇನ್ನೊಂದು ಸುತ್ತು ಬಂತು. ಗುರಸಿದ್ದನಿಗೂ ತಾಗಿತು. ಜ್ವರ, ನೋವು, ಕೆಮ್ಮು ಎಲ್ಲ ಆಯಿತು. ಸಿಸ್ಟರ್ ದಿನಾ ಬಂದು ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿ ಹೋಗುತ್ತಿದ್ದರು. ಜಿಲ್ಲಾಸ್ಪತ್ರೆಯ ದಾರಿ ಹಿಡಿಯಬೇಕಾಗಲಿಲ್ಲ. ಒಂದು ಸೂಜಿಯಾದದ್ದರಿಂದ ಇಷ್ಟಕ್ಕೇ ನಿಂತಿದೆ, ಎರಡನೆಯದು ಬೀಳುವ ತನಕ ಗವಸು ಬಿಡಬೇಡಿರಿ, ಎಮ್ಮೆ ಬಿಡುವುದನ್ನು ಮರೆಯಬೇಡಿರಿ ಎಂದು ಸಿಸ್ಟರ್ ಎಲ್ಲರಿಗೂ ಹೇಳುತ್ತಿದ್ದರು. ಅದನ್ನು ಸಾರಲು ಮಾತ್ರ ನನಗೆ ಮೈಕಿರಲಿಲ್ಲ. ಪುರಸಭೆ ನನ್ನ ಪರವಾನಗಿ ಕಿತ್ತುಕೊಂಡಿತ್ತು. ಅಧ್ಯಕ್ಷರಿಗೆ ರಟ್ಟಿನ ಮುಖಗಳ ಅವಮಾನ ಇಳಿದಿರಲಿಲ್ಲ. ತಪ್ಪಾಯಿತೆಂದು ನಾನೇ ಓಣಿ ಓಣಿಯಲ್ಲಿ ಸಾರಿದರೆ ಕೆಲಸ ಮರಳಿ ಕೊಡುತ್ತೇವೆ ಎಂದು ಹೇಳಿ ಕಳಿಸಿದರು. "ನಾ ಸಾರಿದ್ದರಾಗ ತಪ್ಪ ಯಾವುದು ಅಂತ ಅಧ್ಯಕ್ಷರಿಗೇ ಕೇಳ್ಕೊಂಡು ಬಾ" ಎಂದು ವಾಮನನನ್ನು ವಾಪಸು ಕಳಿಸಿದೆ.

ಕಡೆಗೆ ವಾಮನನೇ ಓದಬೇಕಾಯಿತು. ಸಂತೆಯ ದಿನ ಬಾಡಿಗೆ ಮೈಕು ತಂದು, ತರಕಾರಿ ಕಟ್ಟೆಯ ಮೇಲೆ ನಿಂತು ಓದಿದ. ಹಿಂದಿನ ಘೋಷಣೆ ಅನಧಿಕೃತವಾಗಿದ್ದು, ಸಾರ್ವಜನಿಕರು ಅದನ್ನು ಪರಿಗಣಿಸತಕ್ಕದ್ದಲ್ಲ, ಮುಂದೆ ಪುರಸಭೆಯ ಸೂಚನೆಗಳನ್ನಷ್ಟೇ ಪಾಲಿಸತಕ್ಕದ್ದು. ಅವನ ದನಿ ತೆಳ್ಳಗಿತ್ತು, ಕಿವಿ ಕೆಂಪಾಗಿತ್ತು. ಜನ ಜಾಗ ಬಿಟ್ಟು ನಿಂತು ಕಡೆಯ ಅಕ್ಷರದ ತನಕ ಮರ್ಯಾದೆಯಿಂದ ಕೇಳಿದರು. ನಾನೂ ಒಂದು ಬದನೆಕಾಯಿ ಬುಟ್ಟಿಯ ಹಿಂದೆ ನಿಂತಿದ್ದೆ.

ಓದಿ ಮುಗಿದ ಮೇಲೆ ಶಿವಗಂಗವ್ವ ಕೋಲೂರಿಕೊಂಡು ಕಟ್ಟೆಯ ಹತ್ತಿರ ಹೋದಳು. "ಛಲೋ ಓದಿದಿ ತಮ್ಮಾ. ಎರಡನೇ ಸೂಜಿ ಯಾವತ್ತ, ಅದನ್ನ ಹೇಳು."

ವಾಮನ ಚೀಟಿ ತಿರುಗಿಸಿ ನೋಡಿದ. ಅದರಲ್ಲಿ ಇರಲಿಲ್ಲ, ಆದರೆ ಗುಮಾಸ್ತನಾದ ಅವನಿಗೆ ಗೊತ್ತಿತ್ತು. ಸಂತೆಯೆಲ್ಲ ಅವನ ಬಾಯಿಯನ್ನೇ ನೋಡುತ್ತಿತ್ತು. ಮೈಕು ಆಫ್ ಮಾಡುವುದು ಅವನಿಗೆ ಗೊತ್ತಿರಲಿಲ್ಲ.

"ಬರೋ ಗುರುವಾರ" ಎಂದ. "ಮುಂಜಾನಿ ಒಂಬತ್ತಕ್ಕ. ಎಲ್ಲಾರೂ ಬರ್ರಿ."

ರಟ್ಟಿನ ಮುಖದ ಮಾತೇ ಇಲ್ಲದ ಆ ಕರೆಯನ್ನು ನಾನು ಸಾರಲಿಲ್ಲ. ಪುರಸಭೆಯೇ ಸಾರಿತು.